ಹದಿನಾಲ್ಕನೆಯ ಹಾಳೆಯ ಏಳನೆಯ ಸಾಲು

ಆ ಮುದುಕನ ಮೇಲೆ ಶೈಲಜಾಗೆ ಮೊದಲ ದಿನವೇ ಅನುಮಾನ ಬಂತು ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ಬಂದದ್ದು ಬರೀ ಕುತೂಹಲ. ಅನುಮಾನ ಹುಟ್ಟಿದ್ದು ಮೂರನೆಯ ಗುರುವಾರ. ಹುಟ್ಟಿದ ಮೇಲೆ ಕೇಳಬೇಕೆ, ಅವಳ ತಲೆಯೊಳಗೆ ಅದಕ್ಕೆ ಯಾವಾಗಲೂ ಮಣೆ ಹಾಕಿಯೇ ಇರುತ್ತದೆ.

ಅವಳು ಇರುವುದೇ ಹಾಗೆ. ಜ್ಯಾಕ್ಸನ್ ಹೈಟ್ಸ್‌ಗೆ ಹೋಗಿ ಬದನೆಕಾಯಿ ಕೊಂಡರೆ ಕಣ್ಣು ತಕ್ಕಡಿಯ ಮೇಲೆ, ಫೆರಿಯಲ್ಲಿ ಕೂತರೆ ಕಣ್ಣು ಪಕ್ಕದವನ ಚೀಲದ ಮೇಲೆ. ಗಂಡ ಮುಕುಂದ್ ಧಾರವಾಡದವನು, ಹೆಂಡತಿಯನ್ನು ಕಿಚಾಯಿಸದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. "ನೀ ಪೊಲೀಸ್ ಸ್ಟೇಶನ್ನಿಗೆ ಹೋಗಬೇಕಾದಾಕಿ, ದಾರಿ ತಪ್ಪಿ ಲೈಬ್ರರಿಗೆ ಬಂದೀ ನೋಡು" ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾನೆ. "ಮನೇಲಿ ಒಬ್ರಾದ್ರೂ ಕಣ್ಬಿಟ್ಕೊಂಡು ಇರ್ಬೇಕಲ್ಲ ರೀ" ಎನ್ನುವುದು ಇವಳ ಸಿದ್ಧ ಉತ್ತರ.

ಅವಳ ಕೆಲಸ ನ್ಯೂ ಜೆರ್ಸಿಯ ಒಂದು ಸಣ್ಣ ಊರಿನ ದೈವಶಾಸ್ತ್ರ ಕಾಲೇಜಿನ ಗ್ರಂಥಾಲಯದಲ್ಲಿ, ಹಳೆಯ ಕಾಗದಪತ್ರಗಳ ವಿಭಾಗದಲ್ಲಿ. ಹೋಬೋಕನ್‌ನ ಮನೆಯಿಂದ ಐವತ್ತು ನಿಮಿಷ ರೈಲು. ಹದಿನೆಂಟು ವರ್ಷದಿಂದ ಕಮ್ಯೂಟ್ ಮಾಡುತ್ತಿದ್ದಾಳೆ. ಅದಕ್ಕೂ ಮುಂಚೆ, ಮದುವೆಗೆ ಮೊದಲು, ಮೈಸೂರಿನ ಒಂದು ಶಾಸನ ಕಚೇರಿಯಲ್ಲಿ ಆರು ವರ್ಷ ಪಡಿಯಚ್ಚುಗಳನ್ನು ನೋಡಿಕೊಂಡಿದ್ದವಳು. ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿ ತೆಗೆಯುವ ಪ್ರತಿ ಅದು. ಮಸಿಯ ನಡುವೆ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಅಂಥ ಸಾವಿರಾರು ಹಾಳೆಗಳು ಅವಳ ಕೈ ದಾಟಿಹೋಗಿದ್ದವು.

ಆದ್ದರಿಂದ ಮೂರು ವರ್ಷದ ಹಿಂದೆ ಗ್ರಂಥಾಲಯಕ್ಕೆ ಆ ಟ್ರಂಕು ಬಂದಾಗ "ಇದು ನನ್ನ ಕೆಲಸ, ಯಾರೂ ಮುಟ್ಬೇಡಿ" ಎಂದು ಅವಳೇ ಮುಂದೆ ಬಂದಳು. ನೂರು ವರ್ಷದ ಹಿಂದೆ ಜಾರ್ಜಿಯಾ ದೇಶದಲ್ಲಿ ಓಡಾಡಿದ್ದ ಒಬ್ಬ ಪಾದ್ರಿ ಅಲ್ಲಿನ ಪುರಾತನ ಚರ್ಚುಗಳ ಗೋಡೆಯಲ್ಲಿ ಕೊರೆದಿದ್ದ ಶಾಸನಗಳಿಂದ ಒದ್ದೆ ಕಾಗದ ಒತ್ತಿ ತೆಗೆದುಕೊಂಡು ಬಂದ ಮೂವತ್ತೆರಡು ಹಾಳೆ. ಸಾವಿರ ವರ್ಷಕ್ಕೂ ಹಿಂದಿನ ಅಕ್ಷರ. ಓದಬಲ್ಲವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಫೋಟೋ ತೆಗೆಸಿದರು, ಬಿಳಿ ಹಾಳೆಯಲ್ಲಿ ಬಿಳಿ ಅಕ್ಷರ, ಏನೂ ಮೂಡಲಿಲ್ಲ. ಮತ್ತೊಮ್ಮೆ ತೆಗೆಸೋಣ ಎಂದು ಮುಂದಕ್ಕೆ ಹಾಕಿದ್ದು ಮುಂದಕ್ಕೇ ಹೋಯಿತು. ಶೈಲಜಾ ಮಾತ್ರ ಮೈಸೂರಿನಲ್ಲಿ ಕಲಿತಂತೆ ಹಾಳೆಗಳನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿ, ಸುಕ್ಕು ಹೋಗಲೆಂದು ಮೇಲೆ ಕಬ್ಬಿಣದ ಹಲಗೆಯ ಭಾರ ಹೇರಿ, ಬೀರುವಿನಲ್ಲಿಟ್ಟಳು. ಒಂದು ಹಾಳೆ ಮಾತ್ರ ಬೀರುವಿಗಿಂತ ಉದ್ದವಿತ್ತು. ಅದನ್ನು ಸುತ್ತಿ ರಟ್ಟಿನ ಕೊಳವೆಗೆ ಹಾಕಿದಳು.

ಈ ವರ್ಷ ಫೆಬ್ರವರಿಯಲ್ಲಿ ಓತಾರ್ ಬಂದರು. ಎಪ್ಪತ್ತಾರು ವರ್ಷ, ದಪ್ಪ ಕೋಟು, ದಪ್ಪ ಕನ್ನಡಕ. ಊರಲ್ಲಿದ್ದಾಗ ಇತಿಹಾಸದ ಮೇಷ್ಟ್ರು, ಬ್ರೂಕ್ಲಿನ್‌ಗೆ ಬಂದ ಮೇಲೆ ಇಪ್ಪತ್ತು ವರ್ಷ ಬೇಕರಿಯಲ್ಲಿ ಬ್ರೆಡ್ ಬಡಿದವರು. ಸಬ್‌ವೇ ಹಿಡಿದು, ನದಿ ದಾಟಿ, ಮತ್ತೆ ರೈಲು ಹತ್ತಿ, ಎರಡು ಗಂಟೆ ಪ್ರಯಾಣ ಮಾಡಿ ಬಂದು ಅವರು ಕೇಳಿದ್ದು ಹದಿನಾಲ್ಕನೆಯ ಹಾಳೆ.

"ಇದು ನಮ್ಮೂರ ಚರ್ಚಿನ ಬಾಗಿಲ ಮೇಲಿನ ಬರಹ, ಕಲ್ಬಾತೊನೊ" ಎಂದರು ಇಂಗ್ಲಿಷಿನಲ್ಲಿ. ಕಲ್ಬಾತೊನೊ ಎಂದರೆ ಅವರ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತಂತೆ. "ನಾನು ಚಿಕ್ಕವನಿದ್ದಾಗ ಚರ್ಚಿನೊಳಗೆ ಹುಲ್ಲು ತುಂಬಿರ್ತಿದ್ರು. ಮಳೆ ಬಂದರೆ ಬಾಗಿಲಲ್ಲಿ ನಿಂತ್ಕೋತಿದ್ವಿ. ಆ ಅಕ್ಷರ ಯಾರಿಗೂ ಓದೋಕೆ ಬರ್ತಿರ್ಲಿಲ್ಲ. ನಾನು ಕಲಿತು ವಾಪಸ್ ಹೋಗೋ ಹೊತ್ತಿಗೆ ಗುಡ್ಡ ಜಾರಿ ಎಲ್ಲ ಹೊಳೆಗೆ ಹೋಗಿತ್ತು. ಪ್ರಪಂಚದಲ್ಲಿ ಉಳಿದಿರೋದು ಈ ಒಂದು ಹಾಳೆ."

ಏಳು ಸಾಲಿನ ಬರಹ. ಮೇಲಿನ ಆರರಲ್ಲಿ ಕಟ್ಟಿಸಿದವರ, ದಾನ ಕೊಟ್ಟವರ ಹೆಸರು ಇರುತ್ತದೆ, ಕೊನೆಯದರಲ್ಲಿ ಕೊರೆದ ಕಲ್ಲುಕುಟಿಗನ ಹೆಸರು ಇರಬೇಕು, ತನಗೆ ಬೇಕಾದದ್ದು ಆ ಹೆಸರು ಎಂದೂ ಹೇಳಿದರು. ದಣಿಗಳ ಹೆಸರು ಬೇರೆ ಪುಸ್ತಕಗಳಲ್ಲೂ ಸಿಗುತ್ತದೆ, ಕಲ್ಲು ಕುಟ್ಟಿದವನದು ಇನ್ನೆಲ್ಲಿ ಸಿಗಬೇಕು ಎಂದರು. ನಮ್ಮ ಕಡೆಯೂ ಕೊನೆಯ ಸಾಲಲ್ಲಿ ರೂವಾರಿಯ ಹೆಸರು ಇರುತ್ತದೆಂದು ಶೈಲಜಾಗೆ ಖುಷಿಯೇ ಆಯಿತು. ಆ ಖುಷಿ ಎರಡು ವಾರ ಬಾಳಿತು.

ಮೂರನೆಯ ಗುರುವಾರ ಅವಳು ಗಮನಿಸಿದ್ದು ಏನೆಂದರೆ, ಈ ಮನುಷ್ಯ ಓದುವ ಕೋಣೆಯ ಕಾವಲು ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಅಲ್ಲ, ಅಷ್ಟು ದೊಡ್ಡ ಮೇಜಿನಲ್ಲಿ ಅದೇ ಕುರ್ಚಿ ಯಾಕೆ ಬೇಕು? ಮುಂದಿನ ವಾರ ಇನ್ನೊಂದು ಕಂಡಿತು. ಹಾಳೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಓದಲು ಬಂದವರು ಕಣ್ಣು ಮುಚ್ಚುವುದುಂಟೆ? ಅದರ ಮುಂದಿನ ವಾರ ಕೋಟಿನ ಜೇಬಿನಿಂದ ಒಂದು ಚಿಕ್ಕ ಡಬ್ಬಿ ಹೊರಬಂತು. ಎರಡು ಬೆರಳು ಅದ್ದಿ, ಡಬ್ಬಿಯನ್ನು ಜೇಬಿಗೆ ಸೇರಿಸಿದರು. ಒಂದು ಬೆಳಗ್ಗೆಗೆ ಪುಸ್ತಕದಲ್ಲಿ ಬರೆದುಕೊಳ್ಳುವುದು ನಾಲ್ಕು ಅಕ್ಷರ, ಐದು ಅಕ್ಷರ. ಅಷ್ಟಕ್ಕೆ ಹೋಗಿ ಬರಲು ನಾಲ್ಕು ಗಂಟೆ ಪ್ರಯಾಣ.

"ಜಾರ್ಜಿಯಾ ಅಂದ್ರ ಅಟ್ಲಾಂಟಾ ಕಡೆಯವರೇನು?" ಎಂದ ಮುಕುಂದ್, ರಾತ್ರಿಯ ಊಟಕ್ಕೆ ರೊಟ್ಟಿ ಮುರಿಯುತ್ತ.

"ಆ ಜಾರ್ಜಿಯಾ ಅಲ್ಲ ರೀ. ರಷ್ಯಾ ಪಕ್ಕದ್ದು. ಎಷ್ಟು ಸಲ ಹೇಳೋದು?"

"ವಯಸ್ಸಾದ ಮನಷ್ಯಾ, ತನ್ನ ಊರಿನ ಕಾಗದ ನೋಡ್ಲಿಕ್ಕ ಬರ್ತಾನ. ನಿನಗೇನಾತು?"

"ಹಾಳೆ ಬದಲಾಗ್ತಿದೆ. ಟ್ರಂಕಿಂದ ತೆಗೆದಾಗ ಆ ಕೊನೇ ಸಾಲು ನನ್ನ ಸೆರಗಿಗೆ ಸಿಕ್ಕಾಕ್ಕೊಂಡಿತ್ತು, ಅಷ್ಟು ಎದ್ದಿತ್ತು. ಇವತ್ತು ಟಾರ್ಚ್ ಓರೆಯಾಗಿ ಹಿಡಿದು ನೋಡಿದ್ರೆ ನೆರಳೇ ಬೀಳ್ತಿಲ್ಲ. ಆ ಡಬ್ಬೀಲಿ ಏನೋ ಇದೆ ರೀ. ಒದ್ದೆ ಮಾಡಿ ಅಳಿಸ್ತಿದ್ದಾನೆ."

"ತನ್ನ ಊರಿಂದ ತಾನ ಯಾಕ ಅಳಿಸ್ತಾನ?"

"ಹಾಳೆ ಹೋದ್ರೆ ಉಳಿಯೋದು ಅವನ ಪುಸ್ತಕ ಒಂದೇ. ಆಗ ಅವನು ಹೇಳಿದ್ದೇ ವೇದ."

ಮುಕುಂದ್ ತಲೆ ಚಚ್ಚಿಕೊಂಡ. ಶೈಲಜಾ ಮಾತ್ರ ತನ್ನ ಲೆಕ್ಕಾಚಾರ ತಾನೇ ಮೆಚ್ಚಿಕೊಂಡಳು. ಎಲ್ಲವೂ ಒಂದಕ್ಕೊಂದು ಕೂಡುತ್ತಿತ್ತು. ಕೂಡದಿದ್ದದ್ದನ್ನು ಅವಳೇ ಕೂಡಿಸಿದಳು ಎನ್ನುವುದು ಬೇರೆ ಮಾತು.

ಜೂನ್ ತಿಂಗಳ ಎರಡನೆಯ ಗುರುವಾರ ಸದ್ದಿಲ್ಲದೆ ಹಿಂದಿನ ಬಾಗಿಲಿಂದ ಓದುವ ಕೋಣೆಗೆ ಹೋದಳು. ಸಿಕ್ಕಿಬಿದ್ದರು. ಬರೀ ಕೈ, ಮೂರು ಬೆರಳು ನೇರವಾಗಿ ಏಳನೆಯ ಸಾಲಿನ ಮೇಲೆ.

"ಏನ್ ಮಾಡ್ತಿದ್ದೀರಿ?"

ಓತಾರ್ ಕೈ ಹಿಂದಕ್ಕೆ ಎಳೆದುಕೊಂಡರು. ಮುಖ ಕೆಂಪಾಯಿತು. "ಓದ್ತಿದ್ದೀನಿ, ಕಲ್ಬಾತೊನೊ."

"ಬೆರಳಿಂದ್ಲಾ? ಮುಟ್ಟಬಾರದು ಅಂತ ಬೋರ್ಡ್ ಹಾಕಿದೆ. ಸಹಿ ಬೇರೆ ಹಾಕಿದ್ದೀರಿ."

"ಗೊತ್ತು, ತಪ್ಪು. ಕಣ್ಣಿಗೆ ಪೊರೆ ಬಂದಿದೆ. ಬಿಳಿ ಮೇಲೆ ಬಿಳಿ, ನನಗೆ ಕಾಣ್ಸೋದಿಲ್ಲ. ಬೆರಳಿಗೆ ಕಾಣ್ಸುತ್ತೆ. ಬೆವರಬಾರದು ಅಂತ ಪೌಡರ್ ಹಚ್ಕೋತೀನಿ ಅಷ್ಟೆ." ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಆರು ಸಾಲು ಮುಗೀತು. ಏಳನೆಯದು ಒಂದೇ ಉಳಿದಿದೆ, ಅದರಲ್ಲೂ ಬರೀ ಹೆಸರು. ಒಂದು ಗುರುವಾರ ಕೊಡಿ. ಆಮೇಲೆ ನಿಮ್ಮ ಕಣ್ಣಿಗೆ ಬೀಳೋದಿಲ್ಲ."

ಕೇಳಿದ್ದು ಒಂದೇ ಒಂದು ಗುರುವಾರ. ಅಯ್ಯೋ, ಆ ಹೊತ್ತಿನಲ್ಲಿ ಯಾರಾದರೂ ಅವಳ ಭುಜ ಹಿಡಿದು ಅಲ್ಲಾಡಿಸಿದ್ದರೆ. ಆದರೆ ಅವಳ ಕಿವಿಗೆ ಬಿದ್ದದ್ದು ಬೇರೆಯೇ. ಕೊನೆಯ ಸಾಲನ್ನೂ ಒರೆಸಲು ಇನ್ನೊಂದು ದಿನ ಕೇಳುತ್ತಿದ್ದಾನೆ ಎಂದುಕೊಂಡಳು.

ವಿಭಾಗದ ಮುಖ್ಯಸ್ಥ ಗೌರವ್. ಇಲ್ಲೇ ಹುಟ್ಟಿದ ಹುಡುಗ, ಈಗ ಮೂವತ್ತೆಂಟು. ಮೈಸೂರಿನ ಅಜ್ಜಿಯಿಂದ ಕಲಿತ ಕನ್ನಡ. ಅವಳನ್ನು ಕರೆಯುವುದು ಮೀಟಿಂಗುಗಳಲ್ಲಿ ಶೈಲಜಾ, ಉಳಿದ ಹೊತ್ತಿನಲ್ಲಿ ಆಂಟಿ.

"ಆಂಟಿ, ಆರ್ ಯೂ ಶ್ಯೂರ್? ಟಚ್ ಮಾಡಿದ್ದು ತಪ್ಪು, ಓಕೆ. ಬಟ್ ನೀವು ಹೇಳ್ತಿರೋದು ವ್ಯಾಂಡಲಿಸಂ. ಅದು ಲೈಫ್‌ಟೈಮ್ ಬ್ಯಾನ್."

"ಹದಿನೆಂಟು ವರ್ಷದಲ್ಲಿ ನಾನು ಯಾವತ್ತಾದ್ರೂ ಸುಮ್ಸುಮ್ನೆ ದೂರು ಕೊಟ್ಟಿದ್ದೀನಾ ಗೌರವ್? ಆ ಸಾಲು ಮೂರು ವರ್ಷದ ಹಿಂದೆ ಹೇಗಿತ್ತು ಅಂತ ನೋಡಿರೋಳು ನಾನೊಬ್ಳೇ. ಹಾಳೆ ಹಾಳಾಗ್ತಿದೆ. ಅದನ್ನ ತೆಗೆಸಿ ನೋಡೋರು ಅವರೊಬ್ರೇ."

"ಸೋ ನೀವು ಸೈನ್ ಮಾಡ್ತೀರಾ?"

ಮಾಡಿದಳು. ಓತಾರ್‌ಗೆ ಪತ್ರ ಹೋಯಿತು, ಇನ್ನು ಮುಂದೆ ಗ್ರಂಥಾಲಯದ ಹೊಸ್ತಿಲು ತುಳಿಯಕೂಡದು. ಅವರಿಂದ ಮರುಮಾತು ಬರಲಿಲ್ಲ. ತಪ್ಪಿಲ್ಲದವನು ಜಗಳಕ್ಕಾದರೂ ಬರುತ್ತಿದ್ದ ಎಂದು ಶೈಲಜಾ ಅದನ್ನೂ ಸಾಕ್ಷಿಯ ಪಟ್ಟಿಗೆ ಸೇರಿಸಿಕೊಂಡಳು. ಆಮೇಲೆ ಹದಿನಾಲ್ಕನೆಯ ಹಾಳೆಯನ್ನು ಮೇಜಿನ ಮೇಲೆ ಹರಡಿ ನೋಡಿದಳು. ಅಂಚಿನಲ್ಲಿ ಸ್ವಲ್ಪ ಅಲೆಯೆದ್ದಂತಿತ್ತು. ಒದ್ದೆ ಮಾಡಿದ್ದಕ್ಕೇ ಹೀಗಾಗಿದೆ, ಪಾಪ, ಎಂದು ಹಾಳೆಯ ಮೇಲೆ ಕನಿಕರಪಟ್ಟು ಅದನ್ನು ಬೇರೆಯಾಗಿಟ್ಟು, ಒಂದರ ಬದಲು ಮೂರು ಕಬ್ಬಿಣದ ಹಲಗೆ ಹೇರಿದಳು. ಬೇಸಿಗೆಯೆಲ್ಲ ಅದು ಆ ಭಾರದಡಿಯೇ ಇತ್ತು.

ಸೆಪ್ಟೆಂಬರಿನಲ್ಲಿ ಗೌರವ್ ಕೊನೆಗೂ ಫೋಟೋದ ಏರ್ಪಾಟು ಮಾಡಿಸಿದ. ಈ ಸಲ ಪಕ್ಕದಿಂದ ಬೆಳಕು ಬಿಟ್ಟು ತೆಗೆಯುವುದು, ಉಬ್ಬಿದ ಅಕ್ಷರದ ನೆರಳು ಬಿದ್ದು ಓದಲು ಬರುತ್ತದೆ. ಫೋಟೋ ತೆಗೆಯುವವಳು ದೀಪ ಹೊಂದಿಸಿದಳು. ಮೊದಲನೆಯ ಹಾಳೆ ಸಪಾಟು. ಎರಡನೆಯದೂ ಸಪಾಟು. ಐದು, ಆರು, ಏಳು, ಅಲ್ಲೊಂದು ಕೊಕ್ಕೆ, ಇಲ್ಲೊಂದು ಗೀರು, ಉಳಿದದ್ದೆಲ್ಲ ಬರಿಯ ಕಾಗದ.

"ಇವನ್ನೂ ಅವ್ರೇ ನೋಡಿದ್ರಾ ಆಂಟಿ?" ಎಂದ ಗೌರವ್.

ಶೈಲಜಾ ರಿಜಿಸ್ಟರ್ ತೆಗೆದಳು. ಓತಾರ್ ಹೆಸರಿನ ಮುಂದೆ ಪ್ರತಿ ಗುರುವಾರವೂ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ಬೇರೆ ಯಾವ ಹಾಳೆಯನ್ನೂ ಅವರು ಕೇಳಿರಲಿಲ್ಲ. ಬೇರೆ ಯಾರೂ ಕೇಳಿರಲಿಲ್ಲ.

"ಆ ಉದ್ದದ್ದು ತೆಗೀರಿ" ಎಂದಳು.

ರಟ್ಟಿನ ಕೊಳವೆಯಿಂದ ಒಂಬತ್ತನೆಯ ಹಾಳೆ ಹೊರಬಂತು. ಭಾರ ಕಾಣದ ಹಾಳೆ ಅದೊಂದೇ. ಬೆಳಕು ಬಿದ್ದದ್ದೇ ತಡ, ಸಾಲು ಸಾಲಾಗಿ ಅಕ್ಷರಗಳು ಎದ್ದು ನಿಂತವು, ಒಂದೊಂದರ ಪಕ್ಕದಲ್ಲೂ ಕಪ್ಪು ನೆರಳು. ಫೋಟೋದವಳು ಸಂತೋಷದಿಂದ ಏನೋ ಅಂದಳು. ಶೈಲಜಾಗೆ ಕೇಳಿಸಲಿಲ್ಲ.

ಮೈಸೂರಿನ ಹಾಳೆಯಲ್ಲಿ ಅಕ್ಷರ ಹಿಡಿದಿಡುವುದು ಮಸಿ. ಎಷ್ಟು ಒತ್ತಿದರೂ ಮಸಿ ಎಲ್ಲಿಗೂ ಹೋಗುವುದಿಲ್ಲ, ಸುಕ್ಕಿದ್ದರೆ ಬೈಸಿಕೊಳ್ಳಬೇಕು, ಭಾರ ಇಟ್ಟರೆ ಶಭಾಷ್. ಈ ಹಾಳೆಗಳಿಗೆ ಮಸಿಯೇ ಹಾಕಿಲ್ಲ. ಇಲ್ಲಿ ಅಕ್ಷರ ಎಂದರೆ ಆ ಉಬ್ಬೊಂದೇ. ಅದನ್ನು ಒತ್ತುವುದೂ ಒರೆಸುವುದೂ ಎರಡಲ್ಲ. ಮೂರು ವರ್ಷ ಒತ್ತಿದ್ದಳು, ಬಲು ಶ್ರದ್ಧೆಯಿಂದ, ದಿನವೂ ಬೀರು ತೆರೆದು ಹಲಗೆ ಸರಿಯಾಗಿದೆಯೇ ಎಂದು ನೋಡಿ. ಹದಿನಾಲ್ಕನೆಯದನ್ನು ತೆಗೆದು ದೀಪದ ಕೆಳಗೆ ಇಟ್ಟಳು. ಏಳನೆಯ ಸಾಲಿನ ಜಾಗ ಇಸ್ತ್ರಿ ಮಾಡಿದ ಪಂಚೆಯ ಹಾಗೆ ನುಣ್ಣಗಿತ್ತು. ನಮ್ಮ ದಾನಶಾಸನಗಳ ಕೊನೆಯಲ್ಲಿ, ಇದನ್ನು ಅಳಿಸಿದವರು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವರು ಎಂದಿರುತ್ತದೆ. ಅದೆಷ್ಟು ಸಲ ಓದಿ, ಪ್ರತಿ ಮಾಡಿ, ಫೈಲಿಗೆ ಹಾಕಿದ್ದಳೋ. ಅದು ತನಗೆ ಬರೆದದ್ದೆಂದು ಒಮ್ಮೆಯೂ ಅನಿಸಿರಲಿಲ್ಲ.

"ಪೇಪರ್ ಹಳೇದು ಆಂಟಿ, ಇಟ್ ಹ್ಯಾಪನ್ಸ್" ಎಂದ ಗೌರವ್. ಅವನಿಗೆ ಹೊಳೆದಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಹೊಳೆಯುವಂತಿರಲಿಲ್ಲ. ಅಳಿಸಿದವನ ಹೆಸರು ಆಗಲೇ ಕಡತದಲ್ಲಿತ್ತು, ಅವಳದೇ ಸಹಿಯೊಂದಿಗೆ. ಅವಳು ಆ ಸಂಜೆ ಸುಮ್ಮನೇ ಇದ್ದಳು. ಅದನ್ನೂ ಹೇಳಿಬಿಡಬೇಕು.

ಮನೆಯಲ್ಲಿ ಮುಕುಂದ್‌ಗೆ ಹೇಳಿದಳು. ಈ ಸಲ ಅವನು ನಗಲಿಲ್ಲ.

"ಆ ಮನಷ್ಯಾ ಎಲ್ಲಿರ್ತಾನ?"

"ಬ್ರೂಕ್ಲಿನ್. ವಿಳಾಸ ರಿಜಿಸ್ಟರ್‌ನಲ್ಲಿದೆ."

"ಐತವಾರ ಹೋಗಿ ಬಾ. ನಾ ಡ್ರೈವ್ ಮಾಡ್ಲೇನು?"

"ಬೇಡ. ಅವರು ಬಂದ ದಾರೀಲೇ ಹೋಗ್ತೀನಿ."

ಭಾನುವಾರ ಹತ್ತು ಗಂಟೆಗೆ ಓತಾರ್ ಬಾಗಿಲು ತೆರೆದರು. ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೂ ಒಳಗೆ ಕರೆದರು, ಚಹಾ ಇಟ್ಟರು, ಬ್ರೆಡ್ ಮುರಿದು ತಟ್ಟೆಗೆ ಹಾಕಿದರು. ಅವಳು ಯಾವುದನ್ನೂ ಮುಟ್ಟದೆ, ನಿಂತೇ ಇದ್ದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಬ್ಬಿಣದ ಹಲಗೆ, ಮೂರು ವರ್ಷ, ಆಮೇಲೆ ಈ ಬೇಸಿಗೆ.

ಓತಾರ್ ತಮ್ಮ ಬಲಗೈಯ ಬೆರಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಉಜ್ಜಿ ನೋಡಿಕೊಂಡರು.

"ಹಾಗಾದ್ರೆ ನನ್ನ ಬೆರಳು ಸತ್ತಿಲ್ಲ" ಎಂದರು.

ಅವಳಿಗೆ ಅರ್ಥವಾಗಲಿಲ್ಲ.

"ವಾರ ವಾರ ಅಕ್ಷರ ಕಮ್ಮಿ ಆಗ್ತಾ ಬಂತು. ಕಾಗದ ಸುಳ್ಳು ಹೇಳೋದಿಲ್ಲ, ನನ್ನ ಬೆರಳೇ ಮರಗಟ್ಟುತ್ತಿದೆ ಅನ್ಕೊಂಡೆ. ಸಕ್ಕರೆ ಕಾಯಿಲೆ ಇದೆ ನನಗೆ. ನಿಮ್ಮ ಪತ್ರ ಬಂದಾಗ, ಹೋಗ್ಲಿ ಬಿಡು, ಇನ್ನು ಒಳಗೆ ಬಿಟ್ಟರೂ ಓದೋಕಾಗಲ್ಲ ಅಂತ ಸುಮ್ಮನಾದೆ." ಅವರ ಮುಖದಲ್ಲಿ ನಿಜವಾಗಿಯೂ ನಗು ಬಂತು. "ಇಷ್ಟು ದೂರ ಬಂದು ಹೇಳಿದ್ರಲ್ಲ. ಥ್ಯಾಂಕ್ಯೂ, ಕಲ್ಬಾತೊನೊ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಸಿಕೊಳ್ಳಲು ಮೈ ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಈ ಥ್ಯಾಂಕ್ಯೂಗೆ ಮಾತ್ರ ಕುರ್ಚಿಯ ಮೇಲೆ ಕೂತು ಅತ್ತಳು.

ಅವರು ಪುಸ್ತಕ ತಂದರು. ಆರು ಸಾಲು ಪೂರ್ತಿ. ಏಳನೆಯದನ್ನು ಬೆರಳಿಟ್ಟು ಇಂಗ್ಲಿಷಿನಲ್ಲಿ ಹೇಳಿದರು. "ಕ್ರಿಸ್ತನೇ, ಇದನ್ನು ಕೊರೆದ ಪಾಪಿಯನ್ನು ಕರುಣಿಸು, ಓದುವವನೇ, ನನ್ನ ಹೆಸರನ್ನು ನೆನೆ. ಆಮೇಲೆ ಹೆಸರು. ಮೊದಲ ಎರಡು ಅಕ್ಷರ ಸಿಕ್ಕಿತ್ತು, ಆಗ ನೀವು ಬಂದ್ರಿ."

ಅಲ್ಲಿಂದಲೇ, ಅವರ ಅಡುಗೆಮನೆಯ ಮೇಜಿನಿಂದಲೇ, ಶೈಲಜಾ ಫೋನಿನಲ್ಲಿ ಗೌರವ್‌ಗೆ ಬರೆದಳು. ಏನನ್ನೂ ಮುಚ್ಚಿಡಲಿಲ್ಲ. ಸಂಜೆಗೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ಆಂಟಿ ಎಂದಿರಲಿಲ್ಲ. ಓತಾರ್ ಮೇಲಿನ ನಿಷೇಧ ರದ್ದು, ಅವರು ಬೆರಳಿಟ್ಟೇ ಓದಬಹುದು. ವಿಚಾರಣೆ ಮುಗಿಯುವವರೆಗೆ ಶೈಲಜಾ ಓದುವ ಕೋಣೆಗಾಗಲಿ ಬೀರುವಿಗಾಗಲಿ ಹೋಗಕೂಡದು.

ಗುರುವಾರ ಅವಳು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಓತಾರ್ ಹತ್ತಕ್ಕೆ ಒಳಗೆ ಹೋದವರು ಒಂದು ಗಂಟೆಗೆ ಹೊರಗೆ ಬಂದರು. ಬಂದು ಪಕ್ಕದಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು.

"ಯಾವ ಹಾಳೆ ಕೇಳಿದ್ರಿ?"

"ಹದಿನಾಲ್ಕು. ಬೆರಳು ಸರಿಯಾಗಿದೆ ಅಂದ್ರಲ್ಲ ನೀವು. ಸಿಗಬಹುದು ಅನ್ಕೊಂಡೆ."

"ಸಿಕ್ಕಿತಾ?"

"ಇಲ್ಲ. ಬೆರಳು ಚೆನ್ನಾಗಿದೆ. ಕಾಗದದಲ್ಲಿ ಏನೂ ಇಲ್ಲ."

ಪುಸ್ತಕ ತೆರೆದು ಆ ಎರಡು ಅಕ್ಷರಗಳ ಮುಂದೆ ನಾಲ್ಕು ಚುಕ್ಕೆ ಇಟ್ಟರು. ಓದಲಾಗದೆ ಹೋದ ಅಕ್ಷರಕ್ಕೆ ಮೈಸೂರಿನಲ್ಲೂ ಅದೇ ಚುಕ್ಕೆ. ಅದರ ಕೆಳಗೆ ಏನೋ ಒಂದು ಸಾಲು ಬರೆದರು.

"ಏನು ಬರೆದ್ರಿ?"

"ಇಲ್ಲಿಂದ ಮುಂದೆ ಒತ್ತಿಹೋಗಿದೆ, ಓದಲಾಗುವುದಿಲ್ಲ ಅಂತ."

"ಯಾರು ಒತ್ತಿದ್ದು ಅಂತ?"

"ಅದು ಬೇಡ."

"ಬೇಕು" ಎಂದಳು ಶೈಲಜಾ. "ನಾಳೆ ಓದೋರು ನಿಮ್ಮ ಮೇಲೆ ಅನುಮಾನ ಪಡ್ತಾರೆ. ಬರ್ಕೊಳ್ಳಿ, ಹೇಳ್ತೀನಿ."

ಓತಾರ್ ಅವಳ ಮುಖ ನೋಡಿ, ಪೆನ್ನು ಹಿಡಿದರು. ಅವಳು ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು. ಅವರು ಅದನ್ನು ಆ ಹಳೆಯ ಅಕ್ಷರದಲ್ಲಿ, ಒಂದೂ ಬಿಡದೆ, ಪೂರ್ತಿ ಬರೆದುಕೊಂಡರು.